ಅದೇ ಬೋರ್ಡ್, ಹೊಸ ಚಿಪ್: ರೈಜನ್ 7 5700ಎಕ್ಸ್3ಡಿ ಜೊತೆ ಒಂದು ವರ್ಷ

ನನ್ನ ಕಂಪ್ಯೂಟರ್‌ನ ಮದರ್‌ಬೋರ್ಡ್ 2017ರದ್ದು. ಅದರ ಮೇಲೆ ಈಗ ಕೂತಿರುವ ಪ್ರೊಸೆಸರ್ 2024ರಲ್ಲಿ ಮಾರುಕಟ್ಟೆಗೆ ಬಂದದ್ದು. ನಡುವೆ ಏಳು ವರ್ಷದ ಅಂತರ. ಮೊದಲೆಲ್ಲ ಇಂಥ ಜೋಡಿಯನ್ನು ನಾನು ಯೋಚಿಸಿಯೂ ಇರಲಿಲ್ಲ. ಪ್ರೊಸೆಸರ್ ಬದಲಿಸಬೇಕು ಅಂದರೆ ಬೋರ್ಡ್ ಬದಲಿಸಬೇಕು. ಬೋರ್ಡ್ ಬದಲಿಸಿದರೆ ಎಷ್ಟೋ ಸಲ ಮೆಮೊರಿಯೂ ಹೊಸದೇ ಬೇಕು. ಕೊನೆಗೆ ಹಳೆಯದು ಅಂತ ಉಳಿಯುತ್ತಿದ್ದದ್ದು ಹೊರಗಿನ ಡಬ್ಬ ಮಾತ್ರ. ಈ ಸಲ ನಾನು ಬಿಚ್ಚಿದ್ದು ಪ್ರೊಸೆಸರನ್ನು ತಣ್ಣಗಿಡುವ ಕೂಲರ್ ಒಂದನ್ನೇ. ಹಳೇ ಚಿಪ್ ಎತ್ತಿದೆ, ಹೊಸ ಚಿಪ್ ಇಟ್ಟೆ, ಮುಚ್ಚಿದೆ.

ಆ ಚಿಪ್ಪೇ ಎಎಂಡಿಯ ರೈಜನ್ 7 5700ಎಕ್ಸ್3ಡಿ. ಒಂದು ವರ್ಷ ದಿನಾ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಇದು ಎಎಂಡಿ ಪ್ರೊಸೆಸರ್‌ನ ವಿಮರ್ಶೆ ಹೌದು. ಆದರೆ ಅವರ ಎದುರಾಳಿ ಕಂಪನಿ ಇಂಟೆಲ್ ಬಗ್ಗೆಯೂ ಅಷ್ಟೇ ಬರೆಯಬೇಕಾಗಿದೆ. ಈ ಚಿಪ್ ನನ್ನ ಹಳೇ ಬೋರ್ಡ್‌ಗೆ ಬಂದು ಕೂತದ್ದರಲ್ಲಿ ಇಂಟೆಲ್‌ನ ಪಾಲೂ ಇದೆ ಎಂದು ನಾನು ನಂಬಿದ್ದೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನನ್ನ ಬಳಕೆ ಏನು ಅಂತ ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಪ್ರೊಸೆಸರ್ ವಿಮರ್ಶೆ ಓದಿದರೆ ಏನೂ ಉಪಯೋಗವಿಲ್ಲ. ನನ್ನ ಕೆಲಸ ಕಟ್ಟಬೇಕಾದ ಮನೆಗಳ ಒಳಗಿನ ಚಿತ್ರಗಳನ್ನು ಕಂಪ್ಯೂಟರ್‌ನಲ್ಲಿ ಮಾಡುವುದು. ಕೋಣೆ ಹೇಗೆ ಕಾಣುತ್ತದೆ, ಬೆಳಗಿನ ಬೆಳಕು ಎಲ್ಲಿ ಬೀಳುತ್ತದೆ, ಆ ಥರ. ಆ ಚಿತ್ರಗಳನ್ನು ಲೆಕ್ಕ ಹಾಕಿ ಮೂಡಿಸುವ ರೆಂಡರಿಂಗ್ ತಂತ್ರಾಂಶ ಪ್ರೊಸೆಸರ್‌ನ ಎಲ್ಲ ಕೋರ್‌ಗಳನ್ನೂ ಹಿಂಡಿ ಕೆಲಸ ಮಾಡಿಸುತ್ತದೆ. ಕೋರ್ ಅಂದರೆ ಚಿಪ್ಪಿನೊಳಗೆ ತನ್ನಷ್ಟಕ್ಕೆ ಲೆಕ್ಕ ಮಾಡುವ ಒಂದು ಭಾಗ. ರಾತ್ರಿ ಕೆಲಸ ಮುಗಿದ ಮೇಲೆ ಒಂದು ಗಂಟೆ ಫ್ಲೈಟ್ ಸಿಮ್ಯುಲೇಟರ್ ಆಡುತ್ತೇನೆ. ಅದು ಇದಕ್ಕೆ ಪೂರ್ತಿ ಉಲ್ಟಾ. ಎಷ್ಟು ಕೋರ್ ಇದ್ದರೂ ಅದರ ಭಾರವೆಲ್ಲ ಒಂದೆರಡು ಕೋರ್ ಮೇಲೇ ಬೀಳುತ್ತದೆ. ಹೀಗಾಗಿ ಪ್ರೊಸೆಸರ್‌ನ ಎರಡು ಗುಣವನ್ನೂ ನಾನು ದಿನಾ ನೋಡುತ್ತೇನೆ.

ನಾನು ಆಸೆಪಟ್ಟು ಆರಿಸಿಕೊಂಡ ಮೊದಲ ಪ್ರೊಸೆಸರ್ ಇಂಟೆಲ್‌ನ ಐ5-2500ಕೆ. 2011ರ ಜನವರಿಯಲ್ಲಿ ಬಂದ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯದ್ದು. ನಾಲ್ಕು ಕೋರ್, ನಾಲ್ಕು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆಗಳು), ಗಡಿಯಾರದ ವೇಗ 3.3 ಗಿಗಾಹರ್ಟ್ಸ್. ಅದನ್ನು 4.3ಕ್ಕೆ ಏರಿಸಿ ಆರು ವರ್ಷ ಓಡಿಸಿದೆ. ಒಂದು ದಿನವೂ ತಕರಾರು ಮಾಡಲಿಲ್ಲ. ಈಗ ಯಾರಾದರೂ ಇಂಟೆಲ್ ಅಂದರೆ ಮೂಗು ಮುರಿದರೆ ನನಗೆ ಬೇಜಾರಾಗುತ್ತದೆ. ಅಷ್ಟು ಚೆನ್ನಾಗಿ ಮಾಡಿದ ವಸ್ತು ಅದು.

ಆದರೆ ಆರು ವರ್ಷ ಅದನ್ನೇ ಇಟ್ಟುಕೊಂಡದ್ದಕ್ಕೆ ಕಾರಣ ಅದರ ಒಳ್ಳೆಯತನ ಒಂದೇ ಅಲ್ಲ. ಬದಲಿಸೋಣ ಅಂತ ನೋಡಿದರೆ ಬದಲಿಸುವಂಥದ್ದು ಏನೂ ಇರಲಿಲ್ಲ. 2011ರ ಐ7-2600ಕೆಯಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. 2017ರ ಜನವರಿಯಲ್ಲಿ ಬಂದ ಐ7-7700ಕೆಯಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಪ್ರತಿ ಪೀಳಿಗೆಗೂ ಸ್ವಲ್ಪ ವೇಗ, ಸ್ವಲ್ಪ ಕಮ್ಮಿ ಕರೆಂಟು, ಅಷ್ಟೇ. ಎಂಟು ಕೋರ್ ಬೇಕೇ ಬೇಕು ಅನ್ನುವವರಿಗೆ 2014ರಲ್ಲೇ ಐ7-5960ಎಕ್ಸ್ ಇತ್ತು ನಿಜ. ಆದರೆ ಅದರ ಸಾಕೆಟ್ (ಬೋರ್ಡ್ ಮೇಲೆ ಚಿಪ್ ಕೂರುವ ಜಾಗ) ಬೇರೆ, ಬೋರ್ಡ್ ಬೇರೆ, ಅದು ಕೊಳ್ಳುವವರೂ ಬೇರೆ. ನನ್ನಂಥವರ ಕೈಗೆ ಸಿಗುವ ಚಿಪ್‌ನಲ್ಲಿ ನಾಲ್ಕರ ಗೆರೆ ದಾಟಲಿಲ್ಲ. ಮೇಲಿಂದ ಸಾಕೆಟ್ ಮಾತ್ರ ಬದಲಾಗುತ್ತಲೇ ಇತ್ತು. 1155 ಹೋಗಿ 1150, ಅದು ಹೋಗಿ 1151.

ಆ ಕಾಲದ ಒಂದು ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ಈಗಲೂ ಕೊರೆಯುತ್ತದೆ. 2015ರಲ್ಲಿ ಇಂಟೆಲ್ ಐ7-5775ಸಿ ಎಂಬ ಡೆಸ್ಕ್‌ಟಾಪ್ ಚಿಪ್ ತಂದಿತ್ತು. ಅದರಲ್ಲಿ ಪ್ರೊಸೆಸರ್ ಪಕ್ಕದಲ್ಲೇ 128 ಎಂಬಿಯ ಇಡಿರ್‍ಯಾಮ್ ಎಂಬ ಮೆಮೊರಿ ತುಂಡು ಇತ್ತು. ಅದನ್ನು ಇಟ್ಟದ್ದು ಒಳಗಿನ ಗ್ರಾಫಿಕ್ಸ್‌ಗೆ. ಆದರೆ ಅದು ಪ್ರೊಸೆಸರ್‌ಗೂ ನಾಲ್ಕನೇ ಹಂತದ ಕ್ಯಾಶ್ (ಪದೇ ಪದೇ ಬೇಕಾಗುವ ಮಾಹಿತಿಯನ್ನು ಹತ್ತಿರದಲ್ಲೇ ಇಡುವ ಜಾಗ) ಆಗಿ ಕೆಲಸ ಮಾಡುತ್ತಿತ್ತು. ಗಡಿಯಾರದ ವೇಗ ಕಮ್ಮಿ ಇದ್ದರೂ ಕೆಲವು ಆಟಗಳಲ್ಲಿ ಅದು ತನಗಿಂತ ವೇಗದ ಚಿಪ್‌ಗಳ ಸಮಕ್ಕೆ ನಿಲ್ಲುತ್ತಿತ್ತು. ದೊಡ್ಡ ಕ್ಯಾಶ್ ಕೊಟ್ಟರೆ ಆಟಗಳು ಹಾರುತ್ತವೆ ಅನ್ನುವ ಗುಟ್ಟು ಇಂಟೆಲ್ ಕೈಯಲ್ಲೇ ಇತ್ತು. ಎರಡು ತಿಂಗಳಲ್ಲಿ ಅವರದೇ ಮುಂದಿನ ಪೀಳಿಗೆ ಸ್ಕೈಲೇಕ್ ಬಂತು. ಡೆಸ್ಕ್‌ಟಾಪ್ ಸಾಕೆಟ್‌ನಲ್ಲಿ ಆ ದಾರಿ ಅಲ್ಲಿಗೇ ನಿಂತಿತು. ಹಿಂದೆ ಯಾರೂ ಓಡಿಬರುತ್ತಿಲ್ಲದಿದ್ದಾಗ ಇಂಥದ್ದನ್ನು ಮುಂದುವರಿಸುವ ಅವಸರ ಯಾರಿಗೆ ಇರುತ್ತದೆ ಹೇಳಿ. ಏಳು ವರ್ಷದ ಮೇಲೆ ಅದೇ ಗುಟ್ಟನ್ನು ಹಿಡಿದು ಎಎಂಡಿ ಗೆದ್ದಿತು.

ಹಿಂದೆ ಯಾರೂ ಇರಲಿಲ್ಲ ಅಂದೆ. ಎಎಂಡಿ ಇತ್ತು, ಆದರೆ ಓಡುವ ಸ್ಥಿತಿಯಲ್ಲಿ ಇರಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಅವರು ಬುಲ್‌ಡೋಜರ್ ಎಂಬ ಪ್ರೊಸೆಸರ್ ಪೀಳಿಗೆ ತಂದರು. ಎಫ್‌ಎಕ್ಸ್-8150ರ ಡಬ್ಬದ ಮೇಲೆ ಎಂಟು ಕೋರ್ ಅಂತ ಇತ್ತು. ಒಳಗೆ ಎರಡೆರಡು ಕೋರ್‌ಗೆ ದಶಮಾಂಶ ಲೆಕ್ಕದ ಘಟಕ ಒಂದೇ. ಕೆಲವು ಪರೀಕ್ಷೆಗಳಲ್ಲಿ ಅದು ಅವರದೇ ಹಳೇ ಫೆನಮ್ 2 ಎಕ್ಸ್6 ಚಿಪ್‌ಗಿಂತ ಹಿಂದೆ ಬಿತ್ತು. ನನಗೆ ಆಗ ನಿಜವಾಗಿಯೂ ದುಃಖವಾಗಿತ್ತು. 2003ರಲ್ಲಿ ಅಥ್ಲಾನ್ 64 ತಂದು ಮನೆ ಕಂಪ್ಯೂಟರ್‌ಗೆ 64 ಬಿಟ್ ತೋರಿಸಿಕೊಟ್ಟ ಕಂಪನಿ ಅದು. ಮರುವರ್ಷ ಇಂಟೆಲ್ ಕೂಡ ಅದೇ ದಾರಿಗೆ ಬಂತು. ಅದಕ್ಕೂ ಮೊದಲು, 2000ನೇ ಇಸವಿಯ ಮಾರ್ಚ್ 6ಕ್ಕೆ, ಒಂದು ಗಿಗಾಹರ್ಟ್ಸ್ ಗೆರೆಯನ್ನು ಎಎಂಡಿ ಮೊದಲು ಮುಟ್ಟಿತ್ತು. ಇಂಟೆಲ್ ಮುಟ್ಟಿದ್ದು 8ಕ್ಕೆ. ಎರಡು ದಿನದ ಅಂತರ! ಆ ಓಟ ಮತ್ತೆ ನೋಡಲು ಹದಿನೇಳು ವರ್ಷ ಕಾಯಬೇಕಾಯಿತು.

2017ರ ಮಾರ್ಚ್‌ನಲ್ಲಿ ರೈಜನ್ ಬಂತು. ಲಿಸಾ ಸು ಎಎಂಡಿಯ ಮುಖ್ಯಸ್ಥೆಯಾದದ್ದು 2014ರ ಅಕ್ಟೋಬರ್‌ನಲ್ಲಿ. ಜೆನ್ ಎಂಬ ಹೊಸ ವಿನ್ಯಾಸದ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. ಒಂದೇ ಗಡಿಯಾರದ ವೇಗದಲ್ಲಿ ಹಳೆಯದಕ್ಕಿಂತ ಶೇಕಡಾ 40 ಜಾಸ್ತಿ ಕೆಲಸ ಆಗಬೇಕು ಅನ್ನುವುದು ಅವರ ಗುರಿ. ಕೊನೆಗೆ 52 ಆಯಿತು ಎಂದು ಅವರು ಪ್ರಕಟಿಸಿದರು. ಎಲ್ಲರಿಗೂ ಸಿಗುವ ಸಾಮಾನ್ಯ ಸಾಕೆಟ್‌ನಲ್ಲೇ ಎಂಟು ಕೋರ್ ಕೊಟ್ಟರು. ಅದೇ ವರ್ಷದ ಅಕ್ಟೋಬರ್‌ಗೆ ಇಂಟೆಲ್ ಆರು ಕೋರ್‌ನ ಐ7-8700ಕೆ ತಂದಿತು. ಮರುವರ್ಷ ಎಂಟು ಕೋರ್‌ನ ಐ9-9900ಕೆ. ಆರು ವರ್ಷ ಅಲ್ಲಾಡದ ನಾಲ್ಕು, ಎರಡು ವರ್ಷದೊಳಗೆ ಎಂಟಾಯಿತು. ಇಷ್ಟು ದಿನ ಆಗದ್ದು ಈಗ ಹೇಗಾಯಿತು ಅಂತ ನನಗೆ ಸಿಟ್ಟೂ ಬಂತು, ಖುಷಿಯೂ ಆಯಿತು.

ನಾನು ಆ ವರ್ಷ ರೈಜನ್ 5 1600 ಕೊಂಡೆ. ಆರು ಕೋರ್, ಹನ್ನೆರಡು ಥ್ರೆಡ್, 65 ವಾಟ್. ಜೊತೆಗೆ ಒಂದು ಬಿ350 ಬೋರ್ಡ್. ರೆಂಡರ್ ಸಮಯ ಹಳೆಯದರ ಅರ್ಧಕ್ಕಿಂತ ಕಮ್ಮಿ ಆಯಿತು. ಮೊದಲ ರಾತ್ರಿ ಒಂದು ಅಡುಗೆಮನೆಯ ಚಿತ್ರವನ್ನು ಎರಡು ಸಲ ಸುಮ್ನೆ ರೆಂಡರ್ ಮಾಡಿಸಿದೆ, ಗಡಿಯಾರ ನೋಡುವ ಆಸೆಗೆ.

ಶುರುವಿನ ತೊಂದರೆಯೂ ಇತ್ತು. ನನ್ನ ಮೆಮೊರಿಯ ಡಬ್ಬದ ಮೇಲೆ ವೇಗ 3000 ಅಂತ ಇತ್ತು. ಬೋರ್ಡ್ ಅದನ್ನು 2400ಕ್ಕಿಂತ ಮೇಲೆ ಓಡಿಸಲು ಒಪ್ಪಲಿಲ್ಲ. ಬೋರ್ಡ್ ತಯಾರಕರ ಹೆಸರು ಇಲ್ಲಿ ಬೇಡ. ಅವರು ಒಂದರ ಮೇಲೊಂದು ಬಯಾಸ್ (ಕಂಪ್ಯೂಟರನ್ನು ಶುರುಮಾಡುವ ಬೋರ್ಡ್ ಒಳಗಿನ ತಂತ್ರಾಂಶ) ಕೊಡುತ್ತಾ ಹೋದರು, ಬೇಸಿಗೆ ಮುಗಿಯುವ ಹೊತ್ತಿಗೆ 2933ಕ್ಕೆ ನಿಂತಿತು. ಇದು ಸುಮ್ನೆ ಅಂಕಿಯ ಹಟ ಅಲ್ಲ. ಆ ಪೀಳಿಗೆಯ ರೈಜನ್‌ನಲ್ಲಿ ಕೋರ್‌ಗಳ ಗುಂಪುಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಮೆಮೊರಿಯ ಗಡಿಯಾರಕ್ಕೇ ಕಟ್ಟಿಕೊಂಡು ಓಡುತ್ತದೆ. ಮೆಮೊರಿ ನಿಧಾನ ಅಂದರೆ ಚಿಪ್ಪಿನ ಒಳಗಿನ ರಸ್ತೆಯೂ ನಿಧಾನ.

ಆ ಗುಂಪುಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 1600ರಲ್ಲಿ ಆರು ಕೋರ್ ಒಟ್ಟಿಗೆ ಕೂತಿಲ್ಲ. ಮೂರು ಮೂರರ ಎರಡು ಗುಂಪು. ಒಂದೊಂದಕ್ಕೂ 8 ಎಂಬಿ ಕ್ಯಾಶ್. ಆಚೆ ಗುಂಪಿನ ಕ್ಯಾಶ್‌ನಲ್ಲಿ ಇರುವ ಮಾಹಿತಿ ಈಚೆ ಗುಂಪಿಗೆ ಬೇಕಾದರೆ ಆ ರಸ್ತೆ ದಾಟಿ ಬರಬೇಕು. ರೆಂಡರಿಂಗ್‌ಗೆ ಇದರಿಂದ ಹೆಚ್ಚು ತೊಂದರೆ ಇಲ್ಲ. ಪ್ರತಿ ಕೋರ್ ತನ್ನ ಪಾಲಿನ ಚೌಕ ತನ್ನಷ್ಟಕ್ಕೆ ಮಾಡಿಕೊಳ್ಳುತ್ತದೆ. ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಮಾತ್ರ ಪೆಟ್ಟು ಬೀಳುತ್ತಿತ್ತು. ದೊಡ್ಡ ವಿಮಾನ ನಿಲ್ದಾಣ, ರಾತ್ರಿ, ಮಳೆ, ಇಳಿಯುವ ಕೊನೆಯ ಎರಡು ನಿಮಿಷ. ಅಲ್ಲಿ ಸರಿಯಾಗಿ ಚಿತ್ರ ತಡವರಿಸುತ್ತಿತ್ತು. ಸೆಕೆಂಡಿಗೆ ಮೂಡುವ ಫ್ರೇಮ್ ಇಪ್ಪತ್ತೈದರ ಆಸುಪಾಸಿಗೆ ಇಳಿಯುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಅರ್ಧ ಖಾಲಿ ಕೂತಿರುತ್ತಿತ್ತು, ಪ್ರೊಸೆಸರ್‌ನ ಒಂದು ಕೋರ್ ಮಾತ್ರ ಏದುಸಿರು ಬಿಡುತ್ತಿತ್ತು.

2020ರ ನವೆಂಬರ್‌ನಲ್ಲಿ ಬಂದ ರೈಜನ್ 5000 ಈ ಕಾಯಿಲೆಗೆ ಮದ್ದು ತಂದಿತು. ಎಂಟೂ ಕೋರ್ ಒಂದೇ ಗುಂಪು, ನಡುವೆ ಎಲ್ಲರಿಗೂ ಸೇರಿದ 32 ಎಂಬಿ ಕ್ಯಾಶ್. ಸಾಕೆಟ್ ಅದೇ ಎಎಂ4. ನನ್ನ ಬೋರ್ಡ್‌ನ ಸಾಕೆಟ್ಟೂ ಅದೇ. ಆದರೆ ಎಎಂಡಿ ಬೇಡ ಅಂದಿತು.

ಇದನ್ನು ಎಎಂಡಿ ಅಭಿಮಾನಿಗಳು ಬೇಗ ಮರೆಯುತ್ತಾರೆ. ಅದಕ್ಕೇ ನೆನಪಿಸುತ್ತೇನೆ. ಆ ವರ್ಷದ ಮೇ ತಿಂಗಳಲ್ಲಿ ಎಎಂಡಿ, ಮುಂದಿನ ಪೀಳಿಗೆಯ ಚಿಪ್ ಬೇಕಾದರೆ 500 ಸರಣಿಯ ಬೋರ್ಡ್ ಬೇಕು ಎಂದು ಹೇಳಿತು. ಆಗಷ್ಟೇ 400 ಸರಣಿಯ ಬಿ450, ಎಕ್ಸ್470 ಬೋರ್ಡ್ ಕೊಂಡವರೆಲ್ಲ ಸಿಡಿದೆದ್ದರು. ಎರಡು ವಾರದೊಳಗೆ ಎಎಂಡಿ ಮನಸ್ಸು ಬದಲಿಸಿ ಆ ಬೋರ್ಡ್‌ಗಳಿಗೆ ದಾರಿ ಬಿಟ್ಟಿತು. ನನ್ನ ಬಿ350ಕ್ಕೆ ಮಾತ್ರ ಇಲ್ಲ. ಆಗ ಎಎಂಡಿ ಹಲವು ಕಡೆ ಮುಂದಿತ್ತು. ಇಂಟೆಲ್‌ನ ಡೆಸ್ಕ್‌ಟಾಪ್ ಚಿಪ್‌ಗಳು ಇನ್ನೂ 14 ನ್ಯಾನೊಮೀಟರ್ ಎಂಬ ಹಳೇ ತಯಾರಿಕಾ ವಿಧಾನದಲ್ಲೇ ಸಿಕ್ಕಿಕೊಂಡಿದ್ದವು. 2021ರ ಐ9-11900ಕೆಯಲ್ಲಂತೂ ಹಿಂದಿನ ಪೀಳಿಗೆಯ ಹತ್ತು ಕೋರ್ ಎಂಟಕ್ಕೆ ಇಳಿದಿತ್ತು. ಗೆಲ್ಲುತ್ತಿರುವಾಗ ಎಎಂಡಿಯೂ ಸಾಕೆಟ್ ವಿಷಯದಲ್ಲಿ ಹಳೇ ಇಂಟೆಲ್ ಥರವೇ ಮಾತಾಡಿತು.

ಆಮೇಲೆ ಆದದ್ದು ನೋಡಿ. 2021ರ ನವೆಂಬರ್‌ನಲ್ಲಿ ಇಂಟೆಲ್ ಆಲ್ಡರ್ ಲೇಕ್ ಎಂಬ ಹೊಸ ಪೀಳಿಗೆ ತಂದಿತು. ಐ9-12900ಕೆಯಲ್ಲಿ ಎಂಟು ದೊಡ್ಡ ಕೋರ್, ಎಂಟು ಚಿಕ್ಕ ಕೋರ್. ಭಾರದ ಕೆಲಸ ದೊಡ್ಡವು ನೋಡಿಕೊಳ್ಳುತ್ತವೆ, ಹಿನ್ನೆಲೆಯದು ಚಿಕ್ಕವು. ಯಾವ ಕೆಲಸ ಯಾವ ಕೋರ್‌ಗೆ ಅಂತ ವಿಂಡೋಸ್‌ಗೆ ಸುಳಿವು ಕೊಡಲು ಚಿಪ್ಪಿನೊಳಗೇ ಒಂದು ಘಟಕ. ಹೊಸ ಡಿಡಿಆರ್5 ಮೆಮೊರಿ ಬೇಕಾದವರಿಗೆ ಅದು, ಹಳೇ ಡಿಡಿಆರ್4 ಇಟ್ಟುಕೊಂಡವರಿಗೆ ಅದಕ್ಕೂ ಬೋರ್ಡ್ ಸಿಗುತ್ತಿತ್ತು. ನಿಜವಾಗಿ ಒಳ್ಳೆಯ ಕೆಲಸ. ಒಂದೇ ಏಟಿಗೆ ಇಂಟೆಲ್ ಮತ್ತೆ ಮುಂದೆ ಬಂತು. ಅದಾದ ನಾಲ್ಕೇ ತಿಂಗಳಿಗೆ, 2022ರ ಮಾರ್ಚ್‌ನಲ್ಲಿ, ಎಎಂಡಿ ಹೊಸ ಚಿಪ್‌ಗಳ ಪಟ್ಟಿಯನ್ನೇ ಹೊರಡಿಸಿತು. ಅದೇ ಪ್ರಕಟಣೆಯಲ್ಲಿ ನನ್ನ ಬಿ350 ಸೇರುವ 300 ಸರಣಿಯ ಬೋರ್ಡ್‌ಗಳಿಗೂ ರೈಜನ್ 5000 ಹಾಕಬಹುದು ಎಂದಿತು.

ನನ್ನ ಎಎಂಡಿ ಬೋರ್ಡ್‌ನ ಬಾಗಿಲು ತೆಗೆಸಿದ್ದು ಇಂಟೆಲ್. ಇದು ನನ್ನ ಅನಿಸಿಕೆ, ಆದರೆ ಆ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಬೇರೆ ಅರ್ಥ ಹೊಳೆಯುವುದಿಲ್ಲ.

ಆ ಪಟ್ಟಿಯಲ್ಲಿ ಇದ್ದ ದೊಡ್ಡ ಹೆಸರು 5800ಎಕ್ಸ್3ಡಿ. ನಾನು ಕೊಂಡ 5700ಎಕ್ಸ್3ಡಿ ಅದರ ತಮ್ಮ, 2024ರ ಜನವರಿ ಕೊನೆಗೆ ಬಂದದ್ದು. ಎಂಟು ಕೋರ್, ಹದಿನಾರು ಥ್ರೆಡ್, 3 ಗಿಗಾಹರ್ಟ್ಸ್‌ನಿಂದ 4.1ರ ತನಕ. ಹೆಸರಿನ ಕೊನೆಯ 3ಡಿಯಲ್ಲೇ ಎಲ್ಲ ಇದೆ. ಮೂಲ 32 ಎಂಬಿ ಕ್ಯಾಶ್ ಮೇಲೆ ಇನ್ನೂ 64 ಎಂಬಿಯ ಸಿಲಿಕಾನ್ ತುಂಡನ್ನು ಮಾಳಿಗೆ ಥರ ಕೂರಿಸಿದ್ದಾರೆ. ನಡುವೆ ಬೆಸುಗೆ ಇಲ್ಲ. ತಾಮ್ರಕ್ಕೆ ತಾಮ್ರ ನೇರವಾಗಿ ಅಂಟಿಕೊಂಡಿದೆ. ಒಟ್ಟು 96 ಎಂಬಿ.

ಇದರಿಂದ ಏನು ಲಾಭ? ಮನೆಯೊಳಗೆ ಹಂಡೆ ತುಂಬಿದ್ದರೆ ಚೊಂಬು ನೀರಿಗೆ ಬಾವಿಯ ತನಕ ಓಡಬೇಕಿಲ್ಲ. ಕ್ಯಾಶ್ ಆ ಹಂಡೆ, ಮೆಮೊರಿ ಆ ಬಾವಿ. ಫ್ಲೈಟ್ ಸಿಮ್ಯುಲೇಟರ್‌ನಂಥ ಆಟ ಪ್ರತಿ ಕ್ಷಣ ನೂರೆಂಟು ಚಿಕ್ಕಚಿಕ್ಕ ಮಾಹಿತಿ ಕೇಳುತ್ತದೆ. ರೆಕ್ಕೆ, ಗಾಳಿ, ಮೋಡ, ಪಕ್ಕದ ವಿಮಾನ, ರನ್‌ವೇ ದೀಪ. ಹಂಡೆ ಚಿಕ್ಕದಾದರೆ ಕೋರ್ ಅರ್ಧ ಹೊತ್ತು ಬಾವಿ ಕಡೆ ನೋಡುತ್ತಾ ನಿಲ್ಲುತ್ತದೆ. ಗಡಿಯಾರ ಎಷ್ಟು ಜೋರಾಗಿ ಹೊಡೆದುಕೊಂಡರೂ ಕಾಯುವ ಕೋರ್ ಕಾಯುತ್ತಲೇ ಇರುತ್ತದೆ. ಹಂಡೆ ಮೂರು ಪಟ್ಟು ಮಾಡಿದರೆ ಕಾಯುವುದೇ ಕಮ್ಮಿ. 4.1 ಗಿಗಾಹರ್ಟ್ಸ್‌ನ ಚಿಪ್ ತನಗಿಂತ ಎಷ್ಟೋ ವೇಗದ ಚಿಪ್‌ಗಳ ಪಕ್ಕ ಆಟದಲ್ಲಿ ನಿಲ್ಲುವುದು ಹೀಗೆ.

ನನ್ನ ಕಂಪ್ಯೂಟರ್‌ನಲ್ಲಿ ಅದೇ ನಿಲ್ದಾಣ, ಅದೇ ಮಳೆ, ಅದೇ ಗ್ರಾಫಿಕ್ಸ್ ಕಾರ್ಡ್. ಇಪ್ಪತ್ತೈದಿದ್ದ ಫ್ರೇಮ್ ಐವತ್ತರ ಹತ್ತಿರ ಬಂತು. ಅಂಕಿಗಿಂತ ನನಗೆ ಮುಖ್ಯವಾದದ್ದು ತಡವರಿಕೆ ಹೋದದ್ದು. ನೆಲ ಮುಟ್ಟುವ ಹೊತ್ತಿಗೆ ಕೈಯಲ್ಲಿರುವ ಜಾಯ್‌ಸ್ಟಿಕ್‌ಗೂ ಪರದೆಗೂ ನಡುವೆ ಮೊದಲು ಒಂದು ಜಗ್ಗಾಟ ಇತ್ತು. ಈಗ ಇಲ್ಲ. ಮೊದಲ ಸಲ ಹಾಗೆ ನಯವಾಗಿ ಇಳಿದಾಗ ಕುರ್ಚಿಯಲ್ಲಿ ಹಿಂದಕ್ಕೊರಗಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ರೆಂಡರಿಂಗ್‌ನಲ್ಲೂ ಸಮಯ ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಆ ಪುಣ್ಯ ದೊಡ್ಡ ಕ್ಯಾಶ್‌ನದ್ದಲ್ಲ. ಎರಡು ಕೋರ್ ಜಾಸ್ತಿ, ಮತ್ತೆ ಹೊಸ ವಿನ್ಯಾಸ, ಅಷ್ಟೇ. ಇಲ್ಲಿ ಕೊಳ್ಳುವವರು ಎಚ್ಚರ ವಹಿಸಬೇಕು. ನಿಮ್ಮದು ರೆಂಡರಿಂಗ್ ಮಾತ್ರ, ಆಟ ಇಲ್ಲ ಅಂತಾದರೆ ಇದೇ ಸಾಕೆಟ್‌ಗೆ ಕೂರುವ ಹನ್ನೆರಡು ಕೋರ್‌ನ 5900ಎಕ್ಸ್ ಇದಕ್ಕಿಂತ ಬೇಗ ಕೆಲಸ ಮುಗಿಸುತ್ತದೆ. ಇನ್ನು ಒಂದೇ ಕೋರ್ ಮೇಲೆ ನಿಂತ ಸಾಮಾನ್ಯ ಕೆಲಸಗಳಲ್ಲಿ 3ಡಿ ಇಲ್ಲದ 5700ಎಕ್ಸ್ ಮುಂದಿದೆ. ಅದು 4.6ರ ತನಕ ಏರುತ್ತದೆ. ನನ್ನ ಮಾಡೆಲಿಂಗ್ ತಂತ್ರಾಂಶದಲ್ಲಿ ಗೋಡೆ ಎಳೆಯುವುದು, ಕಿಟಕಿ ಕೊರೆಯುವುದು ಇಂಥವು 1600ಕ್ಕಿಂತ ಚೆನ್ನಾಗಿವೆ ನಿಜ. ಆದರೆ ಆಟದಲ್ಲಿ ಕಂಡ ಆ ನೆಗೆತ ಇಲ್ಲಿ ಇಲ್ಲ.

ಇದರ ಗಡಿಯಾರ ಯಾಕೆ ಕಮ್ಮಿ? ಮೇಲೆ ಒಂದು ಮಾಳಿಗೆ ಕೂರಿಸಿದರೆ ಕೆಳಗಿನ ಕೋರ್‌ಗಳ ಬಿಸಿ ಹೊರಗೆ ಬರುವುದು ಕಷ್ಟ. ಆ ತುಂಡು ಜಾಸ್ತಿ ವೋಲ್ಟೇಜನ್ನೂ ತಡೆಯುವುದಿಲ್ಲ. ಅದಕ್ಕೇ ಓವರ್‌ಕ್ಲಾಕಿಂಗ್‌ಗೆ (ಗಡಿಯಾರದ ವೇಗ ನಾವೇ ಏರಿಸುವುದಕ್ಕೆ) ಬೀಗ, ಬಿಸಿಯ ಮಿತಿ 90 ಡಿಗ್ರಿ. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಎಎಂಡಿ ಇದನ್ನು ತಲೆಕೆಳಗು ಮಾಡಿತು. ಕ್ಯಾಶ್ ಕೆಳಗೆ, ಕೋರ್ ಮೇಲೆ. ಕೂಲರ್ ಈಗ ಕೋರ್‌ಗಳಿಗೇ ಹತ್ತಿರ. ಅದು 5.2 ಗಿಗಾಹರ್ಟ್ಸ್ ತನಕ ಏರುತ್ತದೆ, ಬೀಗವೂ ಇಲ್ಲ. ಆ ಚಿಪ್ ಬಗ್ಗೆ ನನಗೆ ತುಂಬಾ ಮೆಚ್ಚುಗೆ. ಆದರೆ ಅದಕ್ಕೆ ಎಎಂಡಿಯ ಹೊಸ ಸಾಕೆಟ್ ಎಎಂ5 ಇರುವ ಬೋರ್ಡ್ ಬೇಕು, ಡಿಡಿಆರ್5 ಬೇಕು.

ಹಳೇ ಬೋರ್ಡ್‌ಗೆ ಹಾಕುವವರಿಗೆ ನಾನು ಮಾಡಿದ ಕ್ರಮ ಹೇಳುತ್ತೇನೆ. ಹಳೇ ಚಿಪ್ ಇರುವಾಗಲೇ ಬಯಾಸ್ ಹೊಸದು ಮಾಡಿ. ಇದು ತಪ್ಪಿದರೆ ಹೊಸ ಚಿಪ್ ಇಟ್ಟ ಮೇಲೆ ಪರದೆ ಕಪ್ಪು, ಮತ್ತೆ ಹಳೆಯದನ್ನೇ ಕೂರಿಸಬೇಕು. ಬೋರ್ಡ್ ತಯಾರಕರ ಬೆಂಬಲದ ಪಟ್ಟಿಯಲ್ಲಿ ಈ ಚಿಪ್‌ನ ಹೆಸರು, ಅದಕ್ಕೆ ಬೇಕಾದ ಬಯಾಸ್ ಆವೃತ್ತಿ ಎರಡನ್ನೂ ನೋಡಿಕೊಳ್ಳಿ. ಕೆಲವು ಬೋರ್ಡ್‌ಗಳಲ್ಲಿ ಬಯಾಸ್ ಇಡುವ ಚಿಪ್ ಬರೀ 16 ಎಂಬಿ. ಹೊಸ ಪ್ರೊಸೆಸರ್‌ಗಳಿಗೆ ಜಾಗ ಮಾಡಲು ತೀರಾ ಹಳೇ ಚಿಪ್‌ಗಳನ್ನು ಅವರು ಪಟ್ಟಿಯಿಂದ ತೆಗೆದಿರುತ್ತಾರೆ. ನಾನು ಬಯಾಸ್‌ನ ಹಳೇ ಸೆಟ್ಟಿಂಗ್‌ಗಳ ಫೋಟೋ ತೆಗೆದಿಟ್ಟುಕೊಂಡಿದ್ದೆ. ಹೊಸ ಬಯಾಸ್ ಹಾಕಿದ ಮೇಲೆ ಅವೆಲ್ಲ ಅಳಿಸಿಹೋಗಿದ್ದವು. ಫ್ಯಾನ್ ವೇಗ, ಮೆಮೊರಿ ಪ್ರೊಫೈಲ್ ಎಲ್ಲ ಫೋಟೋ ನೋಡಿ ಮತ್ತೆ ಹಾಕಿದೆ.

ಕೂಲರ್ ತೆಗೆಯುವಾಗ ಅವಸರ ಬೇಡವೇ ಬೇಡ. ಎಎಂ4ನಲ್ಲಿ 1331 ಸೂಜಿಗಳು ಚಿಪ್ಪಿನ ಹೊಟ್ಟೆಯಲ್ಲೇ ಇರುತ್ತವೆ. ಸಾಕೆಟ್‌ನ ಹಿಡಿತ ಸಡಿಲ. ಚಿಪ್ಪಿಗೂ ಕೂಲರಿಗೂ ನಡುವೆ ವರ್ಷಗಟ್ಟಲೆ ಒಣಗಿದ ಪೇಸ್ಟ್ ಗಟ್ಟಿ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಬೀಗ ಹಾಕಿದ್ದರೂ ಚಿಪ್ ಅದರ ಜೊತೆ ಕಿತ್ತುಕೊಂಡು ಬರಬಹುದು, ಸೂಜಿ ಬಗ್ಗಬಹುದು. ನಾನು ಹತ್ತು ನಿಮಿಷ ಒಂದು ರೆಂಡರ್ ಓಡಿಸಿ ಚಿಪ್ ಬಿಸಿ ಮಾಡಿದೆ. ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ನಿಧಾನವಾಗಿ ಎಡಕ್ಕೆ ಬಲಕ್ಕೆ ತಿರುವಿದೆ. ಪೇಸ್ಟ್ ಬಿಟ್ಟುಕೊಂಡಿತು. ಇಂಟೆಲ್ ತನ್ನ ಡೆಸ್ಕ್‌ಟಾಪ್ ಚಿಪ್‌ಗಳ ಸೂಜಿಗಳನ್ನು ಎಷ್ಟೋ ವರ್ಷದ ಹಿಂದೆಯೇ ಬೋರ್ಡ್‌ಗೆ ದಾಟಿಸಿತ್ತು. ಎಎಂಡಿ ಎಎಂ5ನಲ್ಲಿ ಆ ದಾರಿಗೆ ಬಂತು. ಬರಬೇಕಾದದ್ದೇ.

5700ಎಕ್ಸ್3ಡಿ ಡಬ್ಬದಲ್ಲಿ ಕೂಲರ್ ಕೊಡುವುದಿಲ್ಲ. 1600ರ ಜೊತೆ ಬಂದಿದ್ದ ಕೂಲರ್ ಇದಕ್ಕೆ ಸಾಲದು ಅನ್ನಿಸಿ ಗೋಪುರದಂಥ ಒಂದು ಫ್ಯಾನಿನ ಕೂಲರ್ ಹಾಕಿದೆ. ಡಬ್ಬದ ಮೇಲೆ 105 ವಾಟ್ ಎಂದಿದ್ದರೂ ನನ್ನ ರೆಂಡರ್‌ಗಳಲ್ಲಿ ಅದು ಎಂಬತ್ತು ದಾಟಿದ್ದು ಅಪರೂಪ. ಹಳೇ ಬೋರ್ಡ್‌ನ ವಿದ್ಯುತ್ ಭಾಗಕ್ಕೆ ಇದು ದೊಡ್ಡ ಸಮಾಧಾನ. ಒಳಗೆ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಬೇರೆ ಕಾರ್ಡ್ ಬೇಕೇ ಬೇಕು. ಸುಮ್ಮನೆ ಕೂತಾಗ ಈ ಥರದ ರೈಜನ್‌ಗಳು ಇಂಟೆಲ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟು ಕುಡಿಯುತ್ತವೆ, ಇದನ್ನೂ ಹೇಳಲೇಬೇಕು. ಇನ್ನೊಂದು ಅನುಕೂಲ: ವಿಂಡೋಸ್ 11 ಒಪ್ಪುವ ಪಟ್ಟಿಯಲ್ಲಿ 1600 ಇರಲಿಲ್ಲ, ಇದು ಇದೆ. 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಬೆಂಬಲ ನಿಂತಾಗ ನನಗೆ ಚಿಂತೆ ಇರಲಿಲ್ಲ.

ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇಂಟೆಲ್‌ನ ಐ5-13600ಕೆ ಇಟ್ಟುಕೊಂಡಿದ್ದಾರೆ. ಆರು ದೊಡ್ಡ ಕೋರ್, ಎಂಟು ಚಿಕ್ಕ ಕೋರ್, ಇಪ್ಪತ್ತು ಥ್ರೆಡ್. ನನ್ನದೇ ಒಂದು ಕೋಣೆಯ ಫೈಲನ್ನು ಅದರಲ್ಲಿ ಓಡಿಸಿ ನೋಡಿದೆ. ರೆಂಡರ್‌ನಲ್ಲಿ ಅದು ನನ್ನ ಚಿಪ್ಪನ್ನು ಆರಾಮಾಗಿ ಹಿಂದೆ ಹಾಕಿತು. ವಿಡಿಯೊ ಮಾಡುವಾಗ ಅದರೊಳಗಿನ ಕ್ವಿಕ್ ಸಿಂಕ್ (ವಿಡಿಯೊ ಕೆಲಸಕ್ಕೆಂದೇ ಇರುವ ಘಟಕ) ದೊಡ್ಡ ಸಹಾಯ. ಹೊಸದಾಗಿ ಕೊಳ್ಳುತ್ತಿದ್ದರೆ, ಬೋರ್ಡ್ ಮೊದಲೇ ಇಲ್ಲದಿದ್ದರೆ, ನನ್ನಂಥ ಕೆಲಸಕ್ಕೆ ನಾನು ಅದನ್ನೂ ಗಂಭೀರವಾಗಿ ನೋಡುತ್ತಿದ್ದೆ. ಆದರೆ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳ ಅಸ್ಥಿರತೆಯ ವಿಷಯ ಗೊತ್ತಿರಲಿ. ಮೈಕ್ರೋಕೋಡ್ (ಚಿಪ್ಪನ್ನು ಒಳಗಿಂದ ನಡೆಸುವ ತಂತ್ರಾಂಶ) ದೋಷದಿಂದ ಚಿಪ್ ಬೇಕಾದದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು ಎಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡಿತು. ಸರಿಪಡಿಸುವ ಮೈಕ್ರೋಕೋಡ್ ಕೊಟ್ಟಿತು, ತೊಂದರೆಗೊಳಗಾದ ಚಿಪ್‌ಗಳ ವಾರಂಟಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿತು. ಹಾಗಾಗಿ ಆ ಚಿಪ್ ಇರುವವರು ಬಯಾಸ್ ಹೊಸದು ಮಾಡಿಕೊಳ್ಳದೆ ಒಂದು ದಿನವೂ ಓಡಿಸಬಾರದು.

2024ರ ಅಕ್ಟೋಬರ್‌ನಲ್ಲಿ ಇಂಟೆಲ್ ಕೋರ್ ಅಲ್ಟ್ರಾ 200 ತಂದಿತು. ಹೈಪರ್‌ಥ್ರೆಡಿಂಗ್ (ಒಂದು ಕೋರ್‌ನಲ್ಲಿ ಎರಡು ಥ್ರೆಡ್ ಓಡಿಸುವುದು) ತೆಗೆದರು, ಕರೆಂಟು ಕಮ್ಮಿ ಮಾಡಿದರು, ಕೋರ್‌ಗಳಿರುವ ತುಂಡನ್ನು ತಮ್ಮ ಕಾರ್ಖಾನೆಯಲ್ಲಿ ಮಾಡದೆ ತೈವಾನಿನ ಚಿಪ್ ತಯಾರಕರಾದ ಟಿಎಸ್‌ಎಂಸಿಯಲ್ಲಿ ಮಾಡಿಸಿದರು. ಕೆಲಸಕ್ಕೆ ಒಳ್ಳೆಯ ಚಿಪ್‌ಗಳು. ಆಟದಲ್ಲಿ ಮಾತ್ರ ಹಲವು ಕಡೆ ತಮ್ಮದೇ 14ನೇ ಪೀಳಿಗೆಗಿಂತ ಹಿಂದೆ ಬಿದ್ದವು. ಎರಡೇ ವಾರಕ್ಕೆ 9800ಎಕ್ಸ್3ಡಿ ಬಂತು.

ನನಗೆ ಆತಂಕ ಆಗುವುದು ಇಲ್ಲಿಯೇ. ಮೇಜಿನ ಮೇಲಿನ ಕಂಪ್ಯೂಟರ್‌ಗೆ ನಮಗೆ ಸಿಗುವ ಎಕ್ಸ್86 (ಇಂಟೆಲ್, ಎಎಂಡಿ ಇಬ್ಬರೂ ಮಾಡುವ ಬಗೆಯ) ಪ್ರೊಸೆಸರ್ ಅಂದರೆ ಹೆಚ್ಚುಕಮ್ಮಿ ಎರಡೇ ಹೆಸರು. ಎಎಂಡಿಯ 2017ರ 1800ಎಕ್ಸ್‌ನಲ್ಲಿ ಎಂಟು ಕೋರ್ ಇತ್ತು. 2024ರ 9800ಎಕ್ಸ್3ಡಿಯಲ್ಲೂ ಎಂಟೇ ಕೋರ್. 2019ರ 3950ಎಕ್ಸ್‌ನಲ್ಲಿ ಹದಿನಾರು, 2024ರ 9950ಎಕ್ಸ್‌ನಲ್ಲೂ ಹದಿನಾರು. ಒಂದೊಂದು ಕೋರ್ ಎಷ್ಟೋ ಬಲವಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಅಂಕಿ ಅಲ್ಲಾಡದೆ ನಿಂತದ್ದು ನೋಡಿದರೆ ನನ್ನ ಹಳೇ 2500ಕೆ ಕಾಲ ನೆನಪಾಗುತ್ತದೆ ಅಲ್ವಾ? ಎಎಂಡಿ ಗೆದ್ದರೆ ಸಾಕು ಅಂತ ಖುಷಿಪಡುವವರನ್ನು ಕಂಡರೆ, ಇಂಟೆಲ್ ಇನ್ನೊಂದು ಆಲ್ಡರ್ ಲೇಕ್ ತರಲಿ ಅಂತ ನೀವೂ ಹಾರೈಸಿ ಎಂದು ಹೇಳುತ್ತೇನೆ. ಮನಸಾರೆ ಹೇಳುವ ಮಾತು ಅದು.

ಎಎಂ4 ಬೋರ್ಡ್ ಈಗಾಗಲೇ ಮನೆಯಲ್ಲಿ ಇರುವವರು, ಆಟ ಆಡುವವರು, ಮೆಮೊರಿ ಮತ್ತು ಬೋರ್ಡ್ ಬದಲಿಸುವ ಮನಸ್ಸಿಲ್ಲದವರು ಈ ಚಿಪ್ಪನ್ನು ಎಲ್ಲಿ ಸಿಕ್ಕರೂ ತೆಗೆದುಕೊಳ್ಳಿ. ಹೊಸದಾಗಿ ಕಟ್ಟುವವರಿಗೆ ಇದು ಬೇಡ.

ನನ್ನ ಹಳೇ 1600 ಈಗ ಅಕ್ಕನ ಮಗಳ ಕಂಪ್ಯೂಟರ್‌ನಲ್ಲಿ ಓಡುತ್ತಿದೆ. ನನ್ನ ಬಿ350 ಬೋರ್ಡ್‌ಗೆ ಇದೇ ಕೊನೆಯ ಚಿಪ್ ಆಗುತ್ತದೆ. ಮುಂದಿನ ಸಲ ಬೋರ್ಡ್, ಮೆಮೊರಿ, ಪ್ರೊಸೆಸರ್ ಎಲ್ಲ ಹೊಸದು. ಆಗ ಎರಡೂ ಕಂಪನಿಗಳನ್ನು ಸಮಕ್ಕೆ ಇಟ್ಟು ನೋಡುತ್ತೇನೆ. ಕೋರ್ ಎಷ್ಟು, ಕ್ಯಾಶ್ ಎಷ್ಟು ಅಂತ ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು ಆ ಸಾಕೆಟ್ ಎಷ್ಟು ವರ್ಷ ಇರುತ್ತದೆ ಅಂತ. ಎಎಂ5ಗೆ ಕನಿಷ್ಠ 2027ರ ತನಕ ಎಂದು ಎಎಂಡಿ ಮಾತು ಕೊಟ್ಟಿದೆ. ಇಂಟೆಲ್‌ನಿಂದಲೂ ಅಂಥ ಒಂದು ಮಾತು ಬರಲಿ ಅಂತ ಕಾಯುತ್ತಿದ್ದೇನೆ.